ಹಾರುವ ತಟ್ಟೆಗಳು ಮತ್ತು ಟಿವಿ ಸರಣಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಯುಎಫ್‌ಒ (ಆಕಾಶದಲ್ಲಿ ಕಂಡ, ಏನೆಂದು ಗೊತ್ತಾಗದ ವಸ್ತು) ಕಥೆಗಳನ್ನು ಜಾನಪದ ಅಂತ ಯಾಕೆ ಕರೆಯುತ್ತೀರಿ? ಎಲ್ಲಾ ಸುಳ್ಳು ಅಂತಲೇ?

ಸುಳ್ಳು ಅಂತ ಅಲ್ಲ. ಒಂದು ಕಥೆ ಬಾಯಿಂದ ಬಾಯಿಗೆ ದಾಟುತ್ತಾ, ದಾಟಿದ ಹಾಗೆಲ್ಲ ಸ್ವಲ್ಪ ಸ್ವಲ್ಪ ಬದಲಾಗುತ್ತಾ, ಕೊನೆಗೆ ಒಂದು ಗಟ್ಟಿ ಅಚ್ಚಿಗೆ ಬಂದು ನಿಂತರೆ ಅದು ಜಾನಪದ. ಮೊದಲು ಹೇಳಿದವರು ನಿಜವಾಗಿಯೂ ಏನನ್ನೋ ಕಂಡಿರಬಹುದು. ನಮ್ಮ ಹಳ್ಳಿಗಳ ಕೊಳ್ಳಿದೆವ್ವದ ಕಥೆ ನೋಡಿ. ಕತ್ತಲಲ್ಲಿ ಬೆಳಕು ಕಂಡಿದ್ದು ನಿಜ. ಅದಕ್ಕೆ ದೆವ್ವದ ರೂಪ ಕೊಟ್ಟಿದ್ದು ಊರು.

ಅಮೆರಿಕದಲ್ಲಿ 1947ರಿಂದ ಈಚೆಗೆ ಹೀಗೆ ರೂಪ ಕೊಡುವ ಕೆಲಸವನ್ನು ಮೊದಲು ಪತ್ರಿಕೆ, ಆಮೇಲೆ ಸಿನಿಮಾ, ಟಿವಿ ಮಾಡಿದವು. ಟಿವಿಯವರು ಜನರ ಕಥೆಗಳನ್ನು ಎತ್ತಿಕೊಂಡರು ಅನ್ನುವುದು ಎಲ್ಲರಿಗೂ ಗೊತ್ತು. ಜನರೂ ಟಿವಿಯಿಂದ ಎತ್ತಿಕೊಂಡರು, ಅದೂ ತಮಗೇ ಗೊತ್ತಾಗದ ಹಾಗೆ. ಈ ಎರಡನೆಯ ದಾರಿಯ ಬಗ್ಗೆ ಮಾತು ಕಡಿಮೆ. ಇಲ್ಲಿನ ಉತ್ತರಗಳಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ಹಾರುವ ತಟ್ಟೆ ಕಂಡಿದ್ದು ಯಾರಿಗೆ?

ಆಕಾಶದಲ್ಲಿ ವಿಚಿತ್ರ ಕಂಡವರು ಯಾವ ಕಾಲದಲ್ಲೂ ಇದ್ದಾರೆ. 1896-97ರಲ್ಲಿ ಕ್ಯಾಲಿಫೋರ್ನಿಯಾದಿಂದ ಟೆಕ್ಸಸ್‌ವರೆಗೆ ಜನ ಕಂಡಿದ್ದು ದೀಪ ಹಚ್ಚಿಕೊಂಡು ಹೋಗುವ ದೊಡ್ಡ ವಾಯುನೌಕೆಗಳನ್ನು. ಅಂಥ ನೌಕೆಗಳನ್ನು ಯಾರೋ ಕಟ್ಟುತ್ತಿದ್ದಾರಂತೆ ಅನ್ನುವ ಸುದ್ದಿ ಆಗ ಪತ್ರಿಕೆಗಳ ತುಂಬ ಇತ್ತು.

ತಟ್ಟೆ ಬಂದಿದ್ದು 1947ರ ಜೂನ್ 24ರಂದು. ಕೆನೆತ್ ಆರ್ನಲ್ಡ್ ಎಂಬ ವ್ಯಾಪಾರಿ ತಮ್ಮ ಸಣ್ಣ ವಿಮಾನದಲ್ಲಿ ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ಹತ್ತಿರ ಹೋಗುತ್ತಿದ್ದರು. ಹೊಳೆಯುವ ಒಂಬತ್ತು ವಸ್ತುಗಳು ಸಾಲಾಗಿ, ಭಾರಿ ವೇಗದಲ್ಲಿ ಹಾರಿ ಹೋದವು ಅಂತ ಅವರು ಹೇಳಿದರು. ನೀರಿನ ಮೇಲೆ ತಟ್ಟೆ ಬೀಸಿದರೆ ಅದು ಪುಟಿಯುತ್ತಾ ಹೋಗುತ್ತದಲ್ಲ, ಹಾಗೆ ಚಲಿಸಿದವು ಅಂತ ವಿವರಿಸಿದರು. ಅವರು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರದ ಮಾತಾಗಿ ಹಿಡಿದುಕೊಂಡವು. ಆರ್ನಲ್ಡ್ ವಾಯುಪಡೆಗೆ ಬರೆದುಕೊಟ್ಟ ಚಿತ್ರದಲ್ಲಿ ಮುಂದೆ ದುಂಡಗೆ, ಹಿಂದೆ ಮೊನಚಾದ ಆಕಾರ ಇದೆ, ಪೂರ್ತಿ ತಟ್ಟೆಯಲ್ಲ.

ಆದರೂ ಮುಂದಿನ ಕೆಲವೇ ವಾರಗಳಲ್ಲಿ ದೇಶದ ತುಂಬ ಜನರಿಗೆ ಕಂಡಿದ್ದು ದುಂಡನೆಯ ತಟ್ಟೆಗಳೇ. ಆರ್ನಲ್ಡ್ ಕಂಡಿದ್ದು ಬೇರೆ ಗ್ರಹದ ವಿಮಾನವೇ ಆಗಿದ್ದರೆ ಉಳಿದವರಿಗೂ ಅದೇ ಆಕಾರ ಕಾಣಬೇಕಿತ್ತು, ಅಲ್ವಾ? ಕಂಡಿದ್ದು ಪತ್ರಿಕೆಯ ತಲೆಬರಹದ ಆಕಾರ. ಈ ಇಡೀ ವಿಷಯ ನನ್ನನ್ನು ಹಿಡಿದು ಕೂರಿಸಿದ್ದು ಇದೇ ಕಾರಣಕ್ಕೆ.

ಹಿಲ್ ದಂಪತಿಯ ಪ್ರಕರಣ ಏನು? ಅದಕ್ಕೂ ಟಿವಿಗೂ ಏನು ಸಂಬಂಧ?

ಯುಎಫ್‌ಒ ಅಪಹರಣದ ಕಥೆಗಳಿಗೆಲ್ಲ ಮಾದರಿಯಾದ ಕಥೆ ಇದು.

ಬೆಟ್ಟಿ ಹಿಲ್ ಸಮಾಜ ಕಲ್ಯಾಣದ ಕೆಲಸದಲ್ಲಿದ್ದರು. ಬಾರ್ನಿ ಹಿಲ್ ಅಂಚೆ ಇಲಾಖೆಯಲ್ಲಿದ್ದರು. 1961ರ ಸೆಪ್ಟೆಂಬರ್ 19ರ ರಾತ್ರಿ ಇಬ್ಬರೂ ಕೆನಡಾ ಪ್ರವಾಸ ಮುಗಿಸಿ ಕಾರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟದ ರಸ್ತೆಯಲ್ಲಿ ಊರಿಗೆ ಬರುತ್ತಿದ್ದರು. ಒಂದು ಬೆಳಕು ಹಿಂಬಾಲಿಸಿದಂತೆ ಕಂಡಿತು. ಬಾರ್ನಿ ಕಾರು ನಿಲ್ಲಿಸಿ ಬೈನಾಕ್ಯುಲರ್‌ನಲ್ಲಿ ನೋಡಿದರು. ಕಿಟಕಿಗಳ ಹಿಂದೆ ಯಾರೋ ನಿಂತು ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿ ಓಡಿ ಬಂದು ಕಾರು ಹತ್ತಿದರು. ಪೋರ್ಟ್ಸ್‌ಮತ್‌ನ ಮನೆ ತಲುಪಿದಾಗ ಬೆಳಗಾಗುತ್ತಿತ್ತು. ಲೆಕ್ಕ ಹಾಕಿದರೆ ಎರಡು ಗಂಟೆಯಷ್ಟು ಹೊತ್ತು ಎಲ್ಲಿ ಹೋಯಿತು ಅಂತ ಇಬ್ಬರಿಗೂ ನೆನಪಿರಲಿಲ್ಲ.

ಕೆಲವು ದಿನಗಳ ಮೇಲೆ ಬೆಟ್ಟಿಗೆ ಸಾಲು ಸಾಲಾಗಿ ಕನಸು ಬಿದ್ದವು. ಯಾರೋ ತಮ್ಮನ್ನು ಹಡಗಿಗೆ ಒಯ್ದು ವೈದ್ಯರಂತೆ ಪರೀಕ್ಷೆ ಮಾಡಿದರು ಅನ್ನುವ ಕನಸು. ಅವರು ಅದನ್ನು ಬರೆದಿಟ್ಟರು. ಆ ಬರಹದಲ್ಲಿ ಬರುವವರಿಗೆ ಕಪ್ಪು ಕೂದಲಿದೆ, ದೊಡ್ಡ ಮೂಗಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಬಾರ್ನಿಯ ಆರೋಗ್ಯ ಕೆಟ್ಟಿತು, ನಿದ್ದೆ ಹೋಯಿತು. 1964ರ ಆರಂಭದಲ್ಲಿ ಬಾಸ್ಟನ್‌ನ ಮನೋವೈದ್ಯ ಬೆಂಜಮಿನ್ ಸೈಮನ್ ಇಬ್ಬರನ್ನೂ ಬೇರೆ ಬೇರೆಯಾಗಿ ಹಿಪ್ನಾಸಿಸ್‌ಗೆ, ಅಂದರೆ ಸಮ್ಮೋಹನಕ್ಕೆ, ಒಳಪಡಿಸಿ ಮಾತಾಡಿಸಿದರು. ಫೆಬ್ರವರಿ 22ರ ದಿನ ಬಾರ್ನಿ ಕಣ್ಣುಗಳ ಬಗ್ಗೆ ಹೇಳಿದರು. ಮುಖದ ಪಕ್ಕದವರೆಗೂ ಸುತ್ತಿಕೊಂಡು ಹೋಗುವ ಓರೆ ಕಣ್ಣುಗಳು. ಆ ಕಣ್ಣುಗಳು ತಮ್ಮ ಜೊತೆ ಮಾತಾಡಿದವು ಅಂದರು. ಚಿತ್ರವನ್ನೂ ಬರೆದರು.

ಈಗ ಟಿವಿಯ ವಿಷಯ. ಆಗ ಎಬಿಸಿ ವಾಹಿನಿಯಲ್ಲಿ ‘ದಿ ಔಟರ್ ಲಿಮಿಟ್ಸ್’ ಎಂಬ ಸೈಫೈ ಸರಣಿ ಬರುತ್ತಿತ್ತು. ಅದರ ‘ದಿ ಬೆಲೆರೊ ಶೀಲ್ಡ್’ ಎಂಬ ಕಂತು ಪ್ರಸಾರವಾಗಿದ್ದು 1964ರ ಫೆಬ್ರವರಿ 10ರಂದು, ಅಂದರೆ ಬಾರ್ನಿ ಆ ಚಿತ್ರ ಬರೆಯುವುದಕ್ಕೆ 12 ದಿನ ಮೊದಲು. ಅದರಲ್ಲಿ ಬರುವ ಅನ್ಯಗ್ರಹದವನಿಗೆ ಕೂದಲಿಲ್ಲ. ಕಣ್ಣುಗಳು ಪಕ್ಕಕ್ಕೆ ಸುತ್ತಿಕೊಂಡಿವೆ. ಕಣ್ಣಿರುವ ಎಲ್ಲರ ಕಣ್ಣೂ ಮಾತಾಡುತ್ತದೆ ಎಂಬ ಅರ್ಥದ ಮಾತನ್ನೂ ಅವನು ಆಡುತ್ತಾನೆ. ಮಾರ್ಟಿನ್ ಕಾಟ್‌ಮೇಯರ್ ಎಂಬ ಲೇಖಕ 1990ರಲ್ಲಿ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಅಲ್ಲಿಯವರೆಗೆ ಇದು ಯಾರ ಗಮನಕ್ಕೂ ಅಷ್ಟಾಗಿ ಬಂದಿರಲಿಲ್ಲ.

ಬಾರ್ನಿ ಆ ಕಂತು ನೋಡಿದ್ದರಾ?

ಆ ಸರಣಿಯ ಹೆಸರನ್ನೇ ತಾವು ಕೇಳಿರಲಿಲ್ಲ, ಬಾರ್ನಿಗೆ ರಾತ್ರಿ ಪಾಳಿಯ ಕೆಲಸವಿತ್ತು ಅಂತ ಬೆಟ್ಟಿ ಆಮೇಲೆ ಹೇಳಿದರು. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಟಿವಿಯ ಚಿತ್ರ ಒಬ್ಬರ ತಲೆಗೆ ಹೋಗಲು ಅವರು ಇಡೀ ಕಂತು ಕೂತು ನೋಡಲೇಬೇಕು ಅಂತೇನಿಲ್ಲ. ಜಾಹೀರಾತು ತುಣುಕಿನಲ್ಲಿ ಕಂಡಿರಬಹುದು, ಸಹೋದ್ಯೋಗಿ ಹೇಳಿರಬಹುದು.

ನನಗೆ ಇದಕ್ಕಿಂತ ಬಲವಾಗಿ ಕಾಣುವ ಸಾಕ್ಷ್ಯ ಬೆಟ್ಟಿಯ ಕನಸಿನದು. 1961ರ ಬರಹದಲ್ಲಿದ್ದ ದೊಡ್ಡ ಮೂಗು, ಕಪ್ಪು ಕೂದಲು ಆಮೇಲೆ ಮಾಯವಾದವು. ಬೋಳುತಲೆ, ಸುತ್ತಿದ ಕಣ್ಣು ಉಳಿದವು. ಕಥೆ ಒಂದೇ, ಮುಖ ಬದಲಾಯಿತು.

ಹಾಗಾದರೆ ಹಿಲ್ ದಂಪತಿ ಸುಳ್ಳು ಹೇಳಿದರು ಅಂತ ತಾನೇ?

ಅಲ್ಲ. ದಯವಿಟ್ಟು ಹಾಗೆ ಓದಬೇಡಿ. ಬಾರ್ನಿಯ ಹಿಪ್ನಾಸಿಸ್ ಧ್ವನಿಮುದ್ರಣ ಕೇಳಿದವರಿಗೆ ಅವರ ಭಯ ನಟನೆ ಅಂತ ಅನ್ನಿಸುವುದೇ ಇಲ್ಲ. ಸೈಮನ್ ಅವರೂ ಇಬ್ಬರೂ ಪ್ರಾಮಾಣಿಕರು ಅಂತಲೇ ನಂಬಿದ್ದರು. ಆದರೆ ಅಪಹರಣದ ಭಾಗ ನಡೆದ ಘಟನೆಯಲ್ಲ, ಬೆಟ್ಟಿಯ ಕನಸುಗಳನ್ನು ಕೇಳಿ ಕೇಳಿ ಬಾರ್ನಿಯ ಮನಸ್ಸಿನಲ್ಲಿ ಬೆಳೆದದ್ದು ಅಂತ ಅವರು ತೀರ್ಮಾನಿಸಿದರು.

ಇನ್ನೊಂದು ವಿಷಯವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಬಾರ್ನಿ ಕಪ್ಪು ವರ್ಣೀಯರು, ಬೆಟ್ಟಿ ಬಿಳಿಯರು. 1961ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಮದುವೆ ಕಾನೂನಿಗೇ ವಿರುದ್ಧ. ಇಬ್ಬರೂ ನಾಗರಿಕ ಹಕ್ಕುಗಳ ಹೋರಾಟದಲ್ಲಿದ್ದರು. ರಾತ್ರಿ ಹೊತ್ತು, ನಿರ್ಜನ ರಸ್ತೆ, ಹಿಂಬಾಲಿಸುವ ಬೆಳಕು, ತಮ್ಮನ್ನೇ ದಿಟ್ಟಿಸುವ ಅಪರಿಚಿತರು. ಬಾರ್ನಿಯಂಥವರಿಗೆ ಆ ಭಯ ಬಾಹ್ಯಾಕಾಶದಿಂದಲೇ ಬರಬೇಕಿರಲಿಲ್ಲ. ಭಯ ಮೊದಲೇ ಇತ್ತು. ಟಿವಿ ಕೊಟ್ಟಿರಬಹುದಾದದ್ದು ಅದಕ್ಕೊಂದು ಮುಖ ಮಾತ್ರ.

ಹಿಪ್ನಾಸಿಸ್‌ನಲ್ಲಿ ಹೇಳಿದ್ದು ನಿಜವೇ ಆಗಿರುತ್ತದೆ ಅಂತಾರಲ್ಲ?

ಇಲ್ಲ. ಹಿಪ್ನಾಸಿಸ್ ನೆನಪಿನ ಪೆಟ್ಟಿಗೆಯ ಬೀಗ ತೆಗೆಯುವುದಿಲ್ಲ. ಕಲ್ಪನೆ ಸಲೀಸಾಗಿ ಹರಿಯುವಂತೆ ಮಾಡುತ್ತದೆ, ಹರಿದು ಬಂದಿದ್ದರ ಮೇಲೆ ನಂಬಿಕೆಯನ್ನೂ ಹೆಚ್ಚಿಸುತ್ತದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಇಂಗ್ಲಿಷ್ ಪ್ರಾಧ್ಯಾಪಕ ಆಲ್ವಿನ್ ಲಾಸನ್ ಒಂದು ಪ್ರಯೋಗ ಮಾಡಿದರು. ಯುಎಫ್‌ಒ ಬಗ್ಗೆ ಹೆಚ್ಚೇನೂ ಆಸಕ್ತಿ ಇಲ್ಲದವರನ್ನು ಹಿಪ್ನಾಸಿಸ್‌ಗೆ ಒಳಪಡಿಸಿ, ನಿಮ್ಮನ್ನು ಅಪಹರಿಸಿದ್ದಾರೆ ಅಂತ ಕಲ್ಪಿಸಿಕೊಳ್ಳಿ ಅಂದರು. ‘ನಿಜವಾದ’ ಅಪಹರಣದ ಹೇಳಿಕೆಗಳಿಗೆ ತೀರಾ ಹತ್ತಿರದ ಕಥೆಗಳೇ ಬಂದವು. ಆ ಹೊತ್ತಿಗೆ ಕಥೆಯ ಅಚ್ಚು ಎಲ್ಲರ ತಲೆಯಲ್ಲೂ ಇತ್ತು ಅಂತ ಆಯಿತು.

ಎದುರು ವಾದವೂ ಇದೆ. ಜಾನಪದ ತಜ್ಞ ಥಾಮಸ್ ಬುಲ್ಲಾರ್ಡ್ ನೂರಾರು ಅಪಹರಣ ಪ್ರಕರಣಗಳನ್ನು ಹೋಲಿಸಿ ನೋಡಿದವರು. ಸಿನಿಮಾ, ಟಿವಿಗಳಲ್ಲಿ ಏಲಿಯನ್‌ಗಳು ನೂರು ಬಗೆ, ಜನ ಹೇಳುವ ಕಥೆಗಳು ಮಾತ್ರ ಒಂದೇ ಕ್ರಮದಲ್ಲಿ ಸಾಗುತ್ತವೆ, ಬರೀ ಟಿವಿಯೇ ಕಾರಣವಾಗಿದ್ದರೆ ಇಷ್ಟು ಹೋಲಿಕೆ ಹೇಗೆ ಬಂತು ಅಂತ ಅವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನನ್ನ ಪ್ರಕಾರ, ಜನರ ಬಾಯಲ್ಲಿ ಉಳಿಯುವುದು ನೂರರಲ್ಲಿ ಒಂದೆರಡು ರೂಪ ಮಾತ್ರ. ಯಾವುದು ಹೆಚ್ಚು ಹೆದರಿಸುತ್ತದೋ ಅದು ಉಳಿಯುತ್ತದೆ. ಯಾವುದೇ ಜಾನಪದ ಬೆಳೆಯುವುದೂ ಹೀಗೇ.

ಟಿವಿಯಲ್ಲಿ ಬಂದ ಮೇಲೆ ಅಪಹರಣದ ಕಥೆಗಳು ಹೆಚ್ಚಾದವಾ?

1975ರ ಅಕ್ಟೋಬರ್ 20ರಂದು ಎನ್‌ಬಿಸಿ ವಾಹಿನಿ ಹಿಲ್ ದಂಪತಿಯ ಕಥೆಯನ್ನು ಟಿವಿ ಸಿನಿಮಾ ಮಾಡಿ ತೋರಿಸಿತು. ಬಾರ್ನಿಯ ಪಾತ್ರ ಮಾಡಿದವರು ಜೇಮ್ಸ್ ಅರ್ಲ್ ಜೋನ್ಸ್. ನವೆಂಬರ್ 5ರಂದು ಅರಿಜೋನಾದ ಕಾಡಿನಲ್ಲಿ ಮರ ಕಡಿಯುವ ತಂಡದ ಟ್ರಾವಿಸ್ ವಾಲ್ಟನ್ ಕಾಣೆಯಾದರು. ಒಂದು ಬೆಳಕು ಅವರನ್ನು ಹೊಡೆದು ಬೀಳಿಸಿತು ಅಂತ ಜೊತೆಯವರು ಹೇಳಿದರು. ಐದು ದಿನ ಬಿಟ್ಟು ವಾಪಸ್ ಬಂದ ವಾಲ್ಟನ್, ಬೋಳುತಲೆಯ ದೊಡ್ಡ ಕಣ್ಣಿನವರ ಕಥೆ ಹೇಳಿದರು. ಎರಡರ ನಡುವೆ 16 ದಿನ. ಅನುಮಾನ ಪಡುವವರು ಈ ಲೆಕ್ಕವನ್ನು ಮುಂದಿಡುತ್ತಾರೆ, ವಾಲ್ಟನ್ ತಮ್ಮ ಮಾತಿಗೆ ಇಂದಿಗೂ ಅಂಟಿಕೊಂಡಿದ್ದಾರೆ. ಹಿಲ್ ಪ್ರಕರಣದಲ್ಲಿ ಮುಖ ಬದಲಾಗಿದ್ದಕ್ಕೆ ಬರಹದ ಸಾಕ್ಷ್ಯ ಇದೆ. ಇಲ್ಲಿ ಇರುವುದು ದಿನಾಂಕಗಳು ಹತ್ತಿರವಿವೆ ಅನ್ನುವುದು ಮಾತ್ರ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಬೂದು ಬಣ್ಣದ, ದೊಡ್ಡ ಕಣ್ಣಿನ ಏಲಿಯನ್ ಎಲ್ಲರಿಗೂ ಗೊತ್ತಾಗಿದ್ದು ಯಾವಾಗ?

1977ರಲ್ಲಿ ಬಂದ ಸ್ಪೀಲ್‌ಬರ್ಗ್ ಸಿನಿಮಾ ಅದನ್ನು ಜಗತ್ತಿಗೆಲ್ಲ ತೋರಿಸಿತು. ವಿಟ್ಲಿ ಸ್ಟ್ರೀಬರ್ ತಮ್ಮದೇ ಅನುಭವ ಅಂತ ಬರೆದ ಪುಸ್ತಕ 1987ರಲ್ಲಿ ಬಂತು. ಅದರ ಮುಖಪುಟದ ಚಿತ್ರ ಅಮೆರಿಕದ ಪ್ರತಿ ಪುಸ್ತಕದಂಗಡಿಯಲ್ಲೂ ಕಣ್ಣಿಗೆ ಬೀಳುವಂತಿತ್ತು. 1993ರಲ್ಲಿ ‘ದಿ ಎಕ್ಸ್-ಫೈಲ್ಸ್’ ಎಂಬ ಟಿವಿ ಸರಣಿ ಶುರುವಾದ ಮೇಲೆ ಬೇರೆ ಯಾವ ರೂಪಕ್ಕೂ ಜಾಗ ಉಳಿಯಲಿಲ್ಲ.

ಅದಕ್ಕೆ ಮೊದಲು ಎಷ್ಟು ಬಗೆ ಇದ್ದವು ಗೊತ್ತಾ? 1952ರಲ್ಲಿ ಜಾರ್ಜ್ ಆಡಮ್‌ಸ್ಕಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಭೇಟಿಯಾದೆ ಅಂದ ಶುಕ್ರಗ್ರಹದವನಿಗೆ ಉದ್ದ ಹೊಂಗೂದಲು, ಸುಂದರ ಮುಖ. ಅವನು ಅಣುಬಾಂಬಿನ ಬಗ್ಗೆ ಎಚ್ಚರಿಸಲು ಬಂದಿದ್ದನಂತೆ. ಅದರ ಹಿಂದಿನ ವರ್ಷವಷ್ಟೇ ಹಾಲಿವುಡ್‌ನಲ್ಲಿ, ಮನುಷ್ಯನಂತೆಯೇ ಕಾಣುವ ಒಬ್ಬ ದೂತ ತಟ್ಟೆಯಿಂದಿಳಿದು ಇಂಥದೇ ಎಚ್ಚರಿಕೆ ಕೊಡುವ ಸಿನಿಮಾ ಬಂದಿತ್ತು.

ಕಪ್ಪು ಸೂಟು ಹಾಕಿಕೊಂಡು ಬಂದು ಬಾಯಿ ಮುಚ್ಚಿಸುವವರ ಕಥೆ ಸಿನಿಮಾದವರದ್ದಾ?

ಅಲ್ಲ, ಅದು ಮೊದಲು ಜನರ ಕಥೆ. ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿ ಆಲ್ಬರ್ಟ್ ಬೆಂಡರ್ ಒಂದು ಹಾರುವ ತಟ್ಟೆ ಸಂಘ ನಡೆಸುತ್ತಿದ್ದರು. 1953ರಲ್ಲಿ ಇದ್ದಕ್ಕಿದ್ದಂತೆ ಅದನ್ನು ಮುಚ್ಚಿದರು. ಕಪ್ಪು ಸೂಟಿನ ಮೂವರು ಬಂದು ಹೆದರಿಸಿದರು ಅಂತ ಗೆಳೆಯರಿಗೆ ಹೇಳಿದರು. ಗ್ರೇ ಬಾರ್ಕರ್ ಎಂಬ ಲೇಖಕ 1956ರಲ್ಲಿ ಅದನ್ನು ಪುಸ್ತಕ ಮಾಡಿದರು. ಅಲ್ಲಿಂದ ಅದು ಹಬ್ಬಿತು.

ಟಿವಿಯಲ್ಲಿ ಈ ಭಯವನ್ನು ಚೆನ್ನಾಗಿ ಹಿಡಿದ ಮೊದಲ ಸರಣಿಗಳಲ್ಲಿ 1967-68ರ ‘ದಿ ಇನ್ವೇಡರ್ಸ್’ ಒಂದು. ಡೇವಿಡ್ ವಿನ್ಸೆಂಟ್ ಎಂಬ ವಾಸ್ತುಶಿಲ್ಪಿ ಒಂದು ರಾತ್ರಿ ತಟ್ಟೆ ಇಳಿಯುವುದನ್ನು ನೋಡುತ್ತಾನೆ. ಏಲಿಯನ್‌ಗಳು ಮನುಷ್ಯರ ವೇಷದಲ್ಲಿ ನಮ್ಮ ನಡುವೆಯೇ ಇದ್ದಾರೆ. ಗುರುತು ಒಂದೇ, ಕೆಲವರ ಕಿರುಬೆರಳು ಮಡಚುವುದಿಲ್ಲ. ಸತ್ತರೆ ಕೆಂಪಗೆ ಉರಿದು ಮಾಯವಾಗುತ್ತಾರೆ. ಸಾಕ್ಷಿ ಏನೂ ಉಳಿಯುವುದಿಲ್ಲ, ಯಾರೂ ನಂಬುವುದಿಲ್ಲ. ಯುಎಫ್‌ಒ ಕಂಡೆ ಅಂದು ಊರಲ್ಲಿ ನಗೆಪಾಟಲಾದವರ ಸಂಕಟವನ್ನು ಇಷ್ಟು ಅರ್ಥ ಮಾಡಿಕೊಂಡ ಇನ್ನೊಂದು ಸರಣಿ ಆ ಕಾಲದಲ್ಲಿ ನನಗೆ ಕಂಡಿಲ್ಲ.

ರಾಸ್‌ವೆಲ್‌ನಲ್ಲಿ ನಿಜಕ್ಕೂ ಏನು ಬಿತ್ತು?

ಬಲೂನು. 1947ರ ಜುಲೈ 8ರಂದು ನ್ಯೂ ಮೆಕ್ಸಿಕೋದ ರಾಸ್‌ವೆಲ್ ಸೇನಾ ವಾಯುನೆಲೆಯವರೇ ‘ಹಾರುವ ತಟ್ಟೆ ಸಿಕ್ಕಿದೆ’ ಅಂತ ಪ್ರಕಟಣೆ ಕೊಟ್ಟರು. ಆಮೇಲೆ ಬೇಗನೆ, ಅದು ಹವಾಮಾನ ಬಲೂನು ಅಂದರು. 1994ರಲ್ಲಿ ವಾಯುಪಡೆ ಅದು ಪ್ರಾಜೆಕ್ಟ್ ಮೊಗಲ್‌ನ ಬಲೂನು ಸಾಲು ಅಂತ ವಿವರ ಕೊಟ್ಟಿತು. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಆಕಾಶದ ಎತ್ತರದಲ್ಲಿ ಹಿಡಿಯುವ ಗುಟ್ಟಿನ ಯೋಜನೆ ಅದು. ಅಂದರೆ ಸರ್ಕಾರ ಒಂದು ಗುಟ್ಟನ್ನು ಮುಚ್ಚಿಟ್ಟಿದ್ದು ನಿಜ, ಏಲಿಯನ್ ಗುಟ್ಟಲ್ಲ.

ಮೂವತ್ತು ವರ್ಷ ಇದನ್ನು ಯಾರೂ ಕೇಳಲಿಲ್ಲ. 1980ರಲ್ಲಿ ಪುಸ್ತಕ ಬಂತು, 1989ರಲ್ಲಿ ‘ಅನ್‌ಸಾಲ್ವ್ಡ್ ಮಿಸ್ಟರೀಸ್’ ಟಿವಿ ಕಾರ್ಯಕ್ರಮ ಬಂತು. ಆಮೇಲೆ ಏಲಿಯನ್ ಹೆಣಗಳ ಕಥೆ, ಶವಪರೀಕ್ಷೆಯ ಕಥೆ ದೊಡ್ಡದಾಗುತ್ತಾ ಹೋಯಿತು.

1995 ಈ ವಿಷಯದಲ್ಲಿ ದೊಡ್ಡ ವರ್ಷ. ಆಗಸ್ಟ್ 28ರಂದು ಫಾಕ್ಸ್ ವಾಹಿನಿ ಏಲಿಯನ್ ಶವಪರೀಕ್ಷೆಯದ್ದು ಎನ್ನಲಾದ ಕಪ್ಪು-ಬಿಳುಪು ಫಿಲ್ಮ್ ತೋರಿಸಿತು. ನಿರೂಪಕರು ಜೊನಾಥನ್ ಫ್ರೇಕ್ಸ್. ‘ಸ್ಟಾರ್ ಟ್ರೆಕ್’ನ ಎರಡನೇ ಸರಣಿಯಲ್ಲಿ ಕಮಾಂಡರ್ ರೈಕರ್ ಆಗಿದ್ದವರು. ಬಾಹ್ಯಾಕಾಶ ನೌಕೆಯ ಅಧಿಕಾರಿಯಾಗಿ ಜನರ ಮನಸ್ಸಲ್ಲಿ ಕೂತಿದ್ದ ಮುಖವೇ ಈ ಫಿಲ್ಮ್ ನಿಜವೋ ಸುಳ್ಳೋ ಅಂತ ಕೇಳಿತು. ಅದೇ ನವೆಂಬರ್‌ನಲ್ಲಿ ‘ಎಕ್ಸ್-ಫೈಲ್ಸ್’ ಇಂಥದೇ ಒಂದು ಟೇಪಿನ ಮೇಲೆ ಕಂತು ಕಟ್ಟಿತು. ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಕೂಡ ಒಂದು ಕಂತು ಮಾಡಿತು. ಅದರಲ್ಲಿ 1947ರ ರಾಸ್‌ವೆಲ್‌ನಲ್ಲಿ ಬಿದ್ದವರು ಆ ಸರಣಿಯ ಏಲಿಯನ್ ಪಾತ್ರವಾದ ಕ್ವಾರ್ಕ್ ಮತ್ತು ಅವನ ಮನೆಯವರೇ. ಶವಪರೀಕ್ಷೆಯ ಫಿಲ್ಮ್ ತಂದ ರೇ ಸ್ಯಾಂಟಿಲ್ಲಿ, ಅದು ತಾವು ಮರುಸೃಷ್ಟಿ ಮಾಡಿದ್ದು ಅಂತ 2006ರಲ್ಲಿ ಒಪ್ಪಿಕೊಂಡರು.

‘ಎಕ್ಸ್-ಫೈಲ್ಸ್’ ಜನರ ಕಥೆಗಳಿಂದ ಏನೇನು ತೆಗೆದುಕೊಂಡಿತು?

ಹೆಚ್ಚುಕಡಿಮೆ ಎಲ್ಲವನ್ನೂ. ಕಳೆದುಹೋದ ಹೊತ್ತು, ಮೈಯೊಳಗೆ ಸಿಗುವ ಲೋಹದ ಚೂರು, ಕಾಣೆಯಾದ ತಂಗಿ, ಗುಟ್ಟಿನ ವಾಯುನೆಲೆ, ಹಿಪ್ನಾಸಿಸ್‌ನಲ್ಲಿ ಮರಳುವ ನೆನಪು. ಸರಣಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಇದಕ್ಕೆ ವಾಟರ್‌ಗೇಟ್ ಕಾಲದ, ಅಂದರೆ ಅಧ್ಯಕ್ಷ ನಿಕ್ಸನ್ ಅಧಿಕಾರ ಕಳೆದುಕೊಂಡ ಹಗರಣದ ಕಾಲದ ಅಪನಂಬಿಕೆಯನ್ನು ಬೆರೆಸಿದರು. ಸರಣಿಯ ನಾಯಕ, ಎಫ್‌ಬಿಐ ಅಧಿಕಾರಿ ಮಲ್ಡರ್‌ಗೆ ಮಾಹಿತಿ ಕೊಡುವ ಮೊದಲ ವ್ಯಕ್ತಿಯ ಹೆಸರು ಡೀಪ್ ಥ್ರೋಟ್. ವಾಟರ್‌ಗೇಟ್ ಪತ್ರಕರ್ತರಿಗೆ ಗುಟ್ಟು ಕೊಟ್ಟವನ ಅಡ್ಡಹೆಸರೇ ಅದು.

ಮಲ್ಡರ್‌ನ ಕಚೇರಿಯ ಗೋಡೆಯಲ್ಲಿ ತಟ್ಟೆಯ ಚಿತ್ರದ ಭಿತ್ತಿಪತ್ರ ಇದೆಯಲ್ಲ, ನಂಬುವ ಆಸೆ ನನಗೆ ಅನ್ನುವ ಅರ್ಥದ ಬರಹ ಇರುವುದು? ಆ ಚಿತ್ರವೂ ಸ್ವಿಟ್ಜರ್ಲೆಂಡ್‌ನ ಬಿಲ್ಲಿ ಮೇಯರ್ ಎಂಬುವರು 1970ರ ದಶಕದಲ್ಲಿ ತೆಗೆದೆ ಅಂದ ಫೋಟೊಗಳ ಮೂಲದ್ದು.

ಒಂದೇ ಕಂತು ನೋಡುವ ಪುರುಸೊತ್ತು ಇದ್ದರೆ 1996ರ ಏಪ್ರಿಲ್‌ನಲ್ಲಿ ಬಂದ, ಡಾರಿನ್ ಮಾರ್ಗನ್ ಬರೆದ ಜೋಸೆ ಚಂಗ್ ಎಂಬ ಲೇಖಕನ ಕಂತು ನೋಡಿ. ಒಂದೇ ರಾತ್ರಿಯ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಹಿಪ್ನಾಸಿಸ್ ಮಾಡಿದ ಹಾಗೆಲ್ಲ ನೆನಪು ಬದಲಾಗುತ್ತದೆ. ನಗಿಸುತ್ತದೆ, ಕೊನೆಗೆ ಎದೆ ಭಾರ ಮಾಡುತ್ತದೆ. ಸಾಕ್ಷಿಗಳನ್ನು ಅದು ಎಲ್ಲೂ ಹೀಯಾಳಿಸುವುದಿಲ್ಲ. ಯುಎಫ್‌ಒ ಜಾನಪದದ ಬಗ್ಗೆ ಟಿವಿ ಕೊಟ್ಟ ಅತಿ ಒಳ್ಳೆಯ ಮುಕ್ಕಾಲು ಗಂಟೆ ಅದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

‘ಸ್ಟಾರ್ ಟ್ರೆಕ್’ನಲ್ಲಿ ಯುಎಫ್‌ಒ ಇದೆಯಾ?

1967ರ ಜನವರಿ 26ರ ಕಂತಿನಲ್ಲಿ ಸರಣಿಯ ಮುಖ್ಯ ಪಾತ್ರಗಳಿರುವ ಎಂಟರ್‌ಪ್ರೈಸ್ ನೌಕೆಯೇ ಯುಎಫ್‌ಒ! ಹಿಂದಿನ ಕಾಲಕ್ಕೆ ಜಾರಿ ಬಂದ ನೌಕೆಯನ್ನು ಅಮೆರಿಕದ ವಾಯುಪಡೆ ಬೆನ್ನಟ್ಟುತ್ತದೆ. ಕೊನೆಗೆ ನೌಕೆಯ ನಾಯಕ ಕರ್ಕ್‌ನ ತಂಡ ಫೋಟೊ, ದಾಖಲೆಗಳನ್ನೆಲ್ಲ ಅಳಿಸುತ್ತದೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಆ ಸರಣಿ ನೋಡಿದವರಿಗೆ ನೆನಪಿರಬಹುದು.

ಏಲಿಯನ್‌ಗಳೇ ನಮ್ಮ ದೇವರು-ದೆವ್ವಗಳ ಮೂಲ ಅನ್ನುವ ವಾದ ಎಲ್ಲಿಂದ ಬಂತು?

ಎರಿಕ್ ಫಾನ್ ಡೇನಿಕನ್ 1968ರಲ್ಲಿ ಬರೆದ ಪುಸ್ತಕದಿಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಟಿವಿಯಲ್ಲಿ ಅದು ಹತ್ತು ವರ್ಷ ಮೊದಲೇ ಬಂದಿತ್ತು. ನೈಜೆಲ್ ನೀಲ್ ಬರೆದ ‘ಕ್ವಾಟರ್‌ಮಾಸ್ ಅಂಡ್ ದಿ ಪಿಟ್’ 1958ರ ಡಿಸೆಂಬರ್‌ನಿಂದ 1959ರ ಜನವರಿವರೆಗೆ ಬಿಬಿಸಿಯಲ್ಲಿ ಆರು ಕಂತುಗಳಾಗಿ ಬಂತು. ಲಂಡನ್‌ನಲ್ಲಿ ಕಟ್ಟಡಕ್ಕೆ ನೆಲ ಅಗೆಯುವಾಗ ಆದಿಮಾನವನ ತಲೆಬುರುಡೆ ಸಿಗುತ್ತದೆ, ಅದರ ಜೊತೆ ಒಂದು ವಿಚಿತ್ರ ನೌಕೆ. ಒಳಗೆ ಕೊಂಬಿನಂಥ ಮೀಸೆಯ, ಮಿಡತೆಯಂಥ ಮಂಗಳವಾಸಿಗಳ ಹೆಣ. ಆ ಜಾಗದಲ್ಲಿ ದೆವ್ವ ಇದೆ ಅಂತ ನೂರಾರು ವರ್ಷದಿಂದ ಪ್ರತೀತಿ. ಕೊಂಬಿನ ಸೈತಾನನ ಕಲ್ಪನೆಯೇ ಇವರ ನೆನಪು ಅನ್ನುವುದು ಕಥೆಯ ತಿರುಳು. ನೀಲ್ ಬೆಳೆದಿದ್ದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಅದು ಹಳೆಯ ಕಥೆಗಳು ಇನ್ನೂ ಉಸಿರಾಡುತ್ತಿದ್ದ ಊರು.

ಫ್ರೆಂಚ್ ವಿಜ್ಞಾನಿ ಜಾಕ್ ವಾಲೆ 1969ರಲ್ಲಿ ಇದನ್ನೇ ತಿರುಗಿಸಿ ಹಿಡಿದರು. ಯುರೋಪಿನ ಹಳೆಯ ಕಥೆಗಳಲ್ಲಿ ಕುಳ್ಳ ಯಕ್ಷರು ಮನುಷ್ಯರನ್ನು ಎತ್ತಿಕೊಂಡು ಹೋಗುತ್ತಾರೆ, ಅಲ್ಲಿ ಹೊತ್ತು ಬೇರೆ ಥರ ಸಾಗುತ್ತದೆ. 1960ರ ದಶಕದ ಯುಎಫ್‌ಒ ಕಥೆಗಳಲ್ಲೂ ಇವೇ ಇವೆ ಅಂತ ಅವರು ತೋರಿಸಿದರು. ಮುಂದೆ ‘ಸ್ಟಾರ್‌ಗೇಟ್ ಎಸ್‌ಜಿ-1’ ಎಲ್ಲವನ್ನೂ ಒಟ್ಟಿಗೆ ಕಟ್ಟಿತು. ಅದರಲ್ಲಿ ಪಿರಮಿಡ್ಡುಗಳು ನೌಕೆ ಇಳಿಯುವ ಜಾಗ, ಬೂದು ಏಲಿಯನ್‌ಗಳು ಉತ್ತರ ಯುರೋಪಿನ ಹಳೆಯ ನಾರ್ಸ್ ದೇವತೆಗಳು.

ನಮ್ಮ ‘ವೈಮಾನಿಕ ಶಾಸ್ತ್ರ’ವನ್ನೂ ಈ ಕಾರ್ಯಕ್ರಮಗಳಲ್ಲಿ ತೋರಿಸುತ್ತಾರಲ್ಲ, ಅದು ಎಷ್ಟು ಹಳೆಯದು?

‘ಏನ್ಷಿಯಂಟ್ ಏಲಿಯನ್ಸ್’ ಕಾರ್ಯಕ್ರಮ ನಮ್ಮ ಪುರಾಣದ ವಿಮಾನಗಳನ್ನು ಬಾಹ್ಯಾಕಾಶ ನೌಕೆ ಅಂತ ತೋರಿಸುತ್ತಾ ಬಂದಿದೆ. ಇದರ ಬೇರು ಕರ್ನಾಟಕದಲ್ಲೇ ಇದೆ. ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ‘ವೈಮಾನಿಕ ಶಾಸ್ತ್ರ’ದ ಶ್ಲೋಕಗಳನ್ನು ಹೇಳಿ ಬರೆಸಿದರು. ಭರದ್ವಾಜ ಋಷಿಯ ಗ್ರಂಥ ತಮಗೆ ಒಳಗಿನಿಂದ ಹೊಳೆಯಿತು ಅನ್ನುವುದು ಅವರ ನಂಬಿಕೆ. ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪ ಚಿತ್ರ ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಯಿಸರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಜೊತೆಗಾರರು ಅದನ್ನು ಕೂಲಂಕಷವಾಗಿ ನೋಡಿದರು. ಭಾಷೆ ನೋಡಿದರು, ಛಂದಸ್ಸು ನೋಡಿದರು, ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಲೆಕ್ಕ ಹಾಕಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ಯಾವುದೂ ಹಾರುವುದಿಲ್ಲ ಅನ್ನುವುದು ಅವರ ತೀರ್ಮಾನ. ತಟ್ಟೆ ಕಥೆಗಳನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಮಾದರಿ ಗೊತ್ತಿಲ್ಲ. ಪುಷ್ಪಕ ವಿಮಾನದ ಕಲ್ಪನೆ ಬಹಳ ಹಳೆಯದು, ಚಂದದ್ದು. ಅದನ್ನು ಕಲ್ಪನೆಯಾಗಿಯೇ ಪ್ರೀತಿಸಲು ಸಾಕಷ್ಟು ಕಾರಣಗಳಿವೆ.

ಭಾರತದಲ್ಲಿ ಸರ್ಕಾರದ ಮಟ್ಟಕ್ಕೆ ಹೋದ ಪ್ರಕರಣ ಇದೆಯಾ?

ಇದೆ. 2012-13ರಲ್ಲಿ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರಿಗೆ ರಾತ್ರಿ ಹೊತ್ತು ತಿಂಗಳುಗಟ್ಟಲೆ ಹೊಳೆಯುವ ವಸ್ತುಗಳು ಕಂಡವು. ಅವರಿಗೆ ಬಂದ ಅನುಮಾನ ಏಲಿಯನ್ ಅಲ್ಲ, ಚೀನಾದ ಡ್ರೋನ್. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಖಗೋಳ ವಿಜ್ಞಾನಿಗಳನ್ನು ಕೇಳಿದಾಗ ಗೊತ್ತಾಗಿದ್ದು, ಅವು ಗುರು ಮತ್ತು ಶುಕ್ರ. ಅಷ್ಟು ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ತುಂಬ ಪ್ರಖರವಾಗಿ ಕಾಣುತ್ತವೆ. ಗಡಿ ಕಾಯುವವರಿಗೆ ಡ್ರೋನ್ ಕಂಡಿದ್ದು ಸಹಜ. ನ್ಯೂ ಹ್ಯಾಂಪ್‌ಶೈರ್‌ನ ರಸ್ತೆಯಲ್ಲಿ ಅದೇ ಬೆಳಕಿಗೆ ಬೇರೆ ಅರ್ಥ ಬರುತ್ತದೆ.

ಟಿವಿಯನ್ನೇ ಏಲಿಯನ್‌ಗಳು ವಶ ಮಾಡಿಕೊಂಡ ಘಟನೆ ನಿಜವೇ?

1977ರ ನವೆಂಬರ್ 26ರ ಸಂಜೆ ದಕ್ಷಿಣ ಇಂಗ್ಲೆಂಡಿನಲ್ಲಿ ಸದರ್ನ್ ಟೆಲಿವಿಷನ್‌ನ ವಾರ್ತೆ ನಡೆಯುವಾಗ ಧ್ವನಿ ಬದಲಾಯಿತು. ಅಷ್ಟಾರ್ ಎಂಬ ಅಂತರಿಕ್ಷ ಪಡೆಯ ಪ್ರತಿನಿಧಿ ಅಂತ ಹೇಳಿಕೊಂಡ ಒಂದು ಗಡಸು ದನಿ, ಆಯುಧಗಳನ್ನು ಬಿಡಿ ಅಂತ ಸುಮಾರು ಆರು ನಿಮಿಷ ಮಾತಾಡಿತು. ಹ್ಯಾನಿಂಗ್‌ಟನ್‌ನ ಪ್ರಸಾರ ಕೇಂದ್ರದ ಸಿಗ್ನಲ್‌ಗೆ ಯಾರೋ ತಮ್ಮ ಧ್ವನಿ ಸೇರಿಸಿದ್ದರು. ಮಾಡಿದವರು ಸಿಕ್ಕಲೇ ಇಲ್ಲ. ಅಷ್ಟಾರ್ ಹೆಸರು ಮಾತ್ರ ಹಳೆಯದು. 1952ರಲ್ಲಿ ಕ್ಯಾಲಿಫೋರ್ನಿಯಾದ ಜಾರ್ಜ್ ವ್ಯಾನ್ ಟ್ಯಾಸೆಲ್ ತಮಗೆ ಸಂದೇಶ ಕಳಿಸುವವನ ಹೆಸರು ಇದು ಅಂದಿದ್ದರು. 25 ವರ್ಷದ ಮೇಲೆ ಅದು ಸಾಗರ ದಾಟಿ ಟಿವಿಯೊಳಗೆ ಕೇಳಿಸಿತು.

ಅಮೆರಿಕದ ಸರ್ಕಾರ ಕೊನೆಗೆ ಏನು ಹೇಳಿತು?

ವಾಯುಪಡೆಯ ಯುಎಫ್‌ಒ ತನಿಖೆಯ ಯೋಜನೆ ಪ್ರಾಜೆಕ್ಟ್ ಬ್ಲೂ ಬುಕ್ 1952ರಿಂದ 1969ರವರೆಗೆ ನಡೆಯಿತು. 1947ರಿಂದ ಬಂದ ಒಟ್ಟು 12,618 ವರದಿಗಳಲ್ಲಿ 701ಕ್ಕೆ ವಿವರಣೆ ಸಿಗಲಿಲ್ಲ. ಅದರ ಸಲಹೆಗಾರ ಖಗೋಳ ವಿಜ್ಞಾನಿ ಜೆ. ಅಲೆನ್ ಹೈನೆಕ್. 1966ರಲ್ಲಿ ಮಿಚಿಗನ್‌ನ ಕೆಲವು ಬೆಳಕುಗಳಿಗೆ ಜೌಗು ನೆಲದ ಅನಿಲ ಕಾರಣ ಇರಬಹುದು ಅಂದಾಗ ಜನ ಅವರ ಮೇಲೆ ಮುಗಿಬಿದ್ದರು. ನಮ್ಮ ಕೊಳ್ಳಿದೆವ್ವಕ್ಕೆ ಕೊಡುವ ವಿವರಣೆಯೂ ಅದೇ.

2024ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತನಿಖಾ ಕಚೇರಿ 1945ರಿಂದ ಈಚಿನ ದಾಖಲೆಗಳನ್ನು ನೋಡಿ ವರದಿ ಕೊಟ್ಟಿತು. ಅನ್ಯಗ್ರಹದ ತಂತ್ರಜ್ಞಾನಕ್ಕೆ ಸಾಕ್ಷ್ಯ ಸಿಕ್ಕಿಲ್ಲ ಅಂದಿತು. ಟಿವಿ ಕಾರ್ಯಕ್ರಮ, ಪುಸ್ತಕ, ಸಿನಿಮಾ, ಇಂಟರ್ನೆಟ್ ಇವೆಲ್ಲ ಜನರ ನಂಬಿಕೆಯನ್ನು ಬಲಪಡಿಸಿರಬಹುದು ಅಂತಲೂ ಬರೆಯಿತು. ಕಾಟ್‌ಮೇಯರ್ 1990ರಲ್ಲಿ ಒಂದು ಮುಖದ ಬಗ್ಗೆ ಹೇಳಿದ್ದು ಸರ್ಕಾರಿ ವರದಿಯಲ್ಲಿ ದೊಡ್ಡದಾಗಿ ಬಂದಂತಾಯಿತು.

ನಾಳೆ ನನಗೇ ಆಕಾಶದಲ್ಲಿ ಏನಾದರೂ ಕಂಡರೆ ಏನು ಮಾಡಲಿ?

ಮೊದಲು ಬರೆಯಿರಿ. ಯಾರ ಜೊತೆಗೂ ಮಾತಾಡುವ ಮೊದಲು, ಮೊಬೈಲ್‌ನಲ್ಲಿ ಹುಡುಕುವ ಮೊದಲು. ಎಷ್ಟು ಗಂಟೆ, ಯಾವ ದಿಕ್ಕು, ಕೈ ಚಾಚಿ ಹಿಡಿದ ಬೆರಳಿಗೆ ಹೋಲಿಸಿದರೆ ಎಷ್ಟು ದೊಡ್ಡದು, ಎಷ್ಟು ಹೊತ್ತು ಇತ್ತು, ಸದ್ದು ಇತ್ತೋ ಇಲ್ಲವೋ. ಚಿತ್ರ ಬರೆಯಿರಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಅವರು ಬೇರೆ ಕೂತು ಬರೆಯಲಿ. ದಿನಾಂಕ ಹಾಕಿಡಿ. ಬೆಟ್ಟಿ ಹಿಲ್ ತಮ್ಮ ಕನಸನ್ನು ಆಗಲೇ ಬರೆದಿಟ್ಟಿದ್ದರಿಂದಲೇ ಆ ಮೂಗು, ಆ ಕೂದಲು ಇವತ್ತಿಗೂ ನಮಗೆ ಗೊತ್ತಿದೆ.

ಆಮೇಲೆ ಆ ದಿಕ್ಕಿನಲ್ಲಿ ಶುಕ್ರ ಅಥವಾ ಗುರು ಇತ್ತೇ ನೋಡಿ. ಬೆಳಕುಗಳು ಸಾಲಾಗಿ ಹೋಗಿದ್ದರೆ ಸ್ಟಾರ್‌ಲಿಂಕ್ ಉಪಗ್ರಹಗಳು ಹಾದುಹೋಗುವ ಸಮಯ ನೋಡಿ. ಬೆಂಗಳೂರಲ್ಲಿದ್ದರೆ ನೆಹರೂ ತಾರಾಲಯದವರನ್ನೂ ಕೇಳಬಹುದು. ಇದ್ಯಾವುದಕ್ಕೂ ಹೊಂದದಿದ್ದರೆ ನಿಮ್ಮ ಕಾಗದದ ಮೇಲೆ ‘ಗೊತ್ತಾಗಲಿಲ್ಲ’ ಅಂತ ಬರೆದು ಜೋಪಾನವಾಗಿ ಇಟ್ಟುಕೊಳ್ಳಿ.